ಉಡಿಯ ಖಣ

ವರಮಹಾಲಕ್ಷ್ಮಿ ಶುಕ್ರವಾರ ಸಂಜೆ ಐದೂವರೆಗೆ ತಾಂಬೂಲಕ್ಕೆ ಬ್ಲೌಸ್ ಪೀಸ್ ಒಂದು ಕಡಿಮೆ ಬಿತ್ತು.

ವಿಶಾಖಪಟ್ಟಣದ ಸೀತಮ್ಮಧಾರದಲ್ಲಿರುವ ಆ ಮನೆಯ ನಡುಮನೆಯಲ್ಲಿ ನಿಂತು ತಾಂಬೂಲ ಕೊಡುತ್ತಿದ್ದವಳು ಸುಲೋಚನಾ. ಒಳಕೋಣೆಯಲ್ಲಿ ಕೂತು ಎಲೆ, ಅಡಿಕೆ, ಬಾಳೆಹಣ್ಣು, ಬಟ್ಟೆ ಸೇರಿಸಿ ಕಾಗದದ ಪೊಟ್ಟಣ ಕಟ್ಟುತ್ತಿದ್ದವಳು ಅವಳ ಗಂಡನ ಅಕ್ಕ ತುಳಸಿ. ತುಳಸಿ ವಿಧವೆ. ಹೊರಗೆ ಬರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಾ ಎಂದೂ ಯಾರೂ ಕರೆದಿರಲಿಲ್ಲ.

ಬಾಗಲಕೋಟೆಯ ಕಡೆಯ ಈ ಕುಟುಂಬಕ್ಕೆ ಮೊದಲು ಈ ವ್ರತ ಇರಲಿಲ್ಲ. ಬ್ಯಾಂಕಿನ ವರ್ಗಾವಣೆಯಲ್ಲಿ ಆಂಧ್ರಕ್ಕೆ ಬಂದ ಮೇಲೆ ನೆರೆಯವರನ್ನು ನೋಡಿ ಸುಲೋಚನಾ ಶುರುಮಾಡಿದ್ದು. ಒಂದು ಮನೆಯಲ್ಲಿ ಬಂದ ಬ್ಲೌಸ್ ಪೀಸ್ ಇನ್ನೊಂದು ಮನೆಗೆ ಹೋಗುತ್ತದೆ. ಪೊಟ್ಟಣವನ್ನು ಕೊಟ್ಟವರೆದುರು ಯಾರೂ ಬಿಚ್ಚುವುದಿಲ್ಲ.

"ಅಕ್ಕಾರ, ಇನ್ನೊಂದು ಕಟ್ಟ್ರಿ. ಕೆಳಗಿನ ಮನಿ ಸೀತಾಮಹಾಲಕ್ಷ್ಮಿಯವರು ಹೊಂಟಾರ," ಎಂದು ಸುಲೋಚನಾ ಕೂಗಿದಳು.

"ಬಟ್ಟಿ ಮುಗದಾವು."

"ಕಪಾಟಿನ್ಯಾಗ ನೋಡ್ರಿ, ಒಂದಾರ ಇರಬೇಕು."

ಕಪಾಟಿನಲ್ಲಿ ಒಂದಿತ್ತು. ಅದು ಗುಳೇದಗುಡ್ಡದ ಖಣ. ಕಡುನೀಲಿ ಮೈ, ಕೆಂಪು ಅಂಚು, ಒಂದು ಮೂಲೆಯಲ್ಲಿ ಅರಿಸಿನದ ಕಲೆ. ಸುಲೋಚನಾಳ ಮದುವೆಯಲ್ಲಿ ಅತ್ತೆ, ಎಂದರೆ ತುಳಸಿಯ ತಾಯಿ, ಅಕ್ಕಿ ಕೊಬ್ಬರಿಯ ಜೊತೆ ಅದನ್ನಿಟ್ಟು ಸೊಸೆಯ ಉಡಿ ತುಂಬಿದ್ದರು. ಉಡಿಯ ಖಣ ಬೇರೆ ಮನೆಗೆ ಹೋಗಬಾರದು, ಹೋದರೆ ಅತ್ತೆಮನೆಯ ನಂಟೂ ಅದರ ಜೊತೆ ಹೋಗುತ್ತದೆ ಎಂಬುದು ಅವರ ಕಡೆಯ ನಂಬಿಕೆ. ತುಳಸಿಗೆ ಅದು ಚೆನ್ನಾಗಿ ಗೊತ್ತಿತ್ತು. ಹೊರಗಿನಿಂದ ಮತ್ತೆ ಕೂಗು ಬಂತು. ಅವಳು ಖಣವನ್ನು ಮಡಚಿ ಪೊಟ್ಟಣ ಕಟ್ಟಿ, ಬಾಗಿಲ ಹಿಂದೆ ನಿಂತು ಸುಲೋಚನಾಳ ಕೈಗೆ ಕೊಟ್ಟಳು. ಊಟದ ಹೊತ್ತಿಗೆ ವಿಷಯ ಹೇಳಿ, ಬೇರೆ ಬಟ್ಟೆ ಕೊಟ್ಟು ಇದನ್ನು ವಾಪಸು ತರಿಸಬೇಕು ಎಂದುಕೊಂಡಳು.

ಊಟದ ಹೊತ್ತಿಗೆ ಸೀತಾಮಹಾಲಕ್ಷ್ಮಿಯ ಮಗ ತೇಜ ಬಂದಿದ್ದ. ತೇಜನದು ಅನಕಾಪಲ್ಲಿಯ ಬೆಲ್ಲದ ವ್ಯಾಪಾರಿಗಳ ಮನೆತನ. ಸುಲೋಚನಾ ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಮಾಡಿ ಮಾರುತ್ತಿದ್ದಳು. ತೇಜ ಬೆಲ್ಲ ತಂದುಕೊಟ್ಟು, ತಯಾರಾದದ್ದನ್ನು ತನ್ನ ವ್ಯಾನಿನಲ್ಲಿ ಮನೆಮನೆಗೆ, ಹೋಟೆಲುಗಳಿಗೆ ಮುಟ್ಟಿಸುತ್ತಿದ್ದ. ರೊಟ್ಟಿಯನ್ನು ಮೊದಲಿನಿಂದ ಬಡಿಯುತ್ತಿದ್ದವಳು ತುಳಸಿ. ಸುಲೋಚನಾಳಿಗೆ ರೊಟ್ಟಿ ಕಲಿಸಿದವಳೂ ಅವಳೇ.

"ಸೋಮವಾರ ಹುಬ್ಬಳ್ಳಿಯಿಂದ ರೊಟ್ಟಿ ಮಷೀನ್ ಬರ್ತೈತಿ ಅಕ್ಕಾರ," ಎಂದಳು ಸುಲೋಚನಾ, ಅನ್ನ ಬಡಿಸುತ್ತ. "ಇನ್ನ ನೀವು ಬಡಿಯೂದು ಬ್ಯಾಡ. ಆರಾಮ ಕೂಡ್ರಿ."

"ನನ್ನ ಕೈಗೆ ಏನಾಗೇತಿ?"

"ನೋವು ಅಂತಿದ್ರಲ್ಲ."

"ನೋವು ಅಂದಿದ್ದೆ. ಕೆಲಸ ಬ್ಯಾಡ ಅಂದಿದ್ದಿಲ್ಲ."

ತೇಜ ನಗುತ್ತ ತನ್ನ ಬೆರಕೆ ಕನ್ನಡದಲ್ಲಿ, "ಗಂಟೆಗೆ ಇನ್ನೂರು ರೊಟ್ಟಿ ಚೇಸ್ತುಂದಿ, ತುಳಸಕ್ಕಾ," ಎಂದ.

"ಚೇಸ್ತುಂದಿ, ಚೇಸ್ತುಂದಿ. ತಿಂದು ರುಚಿ ಹೇಳತೈತೇನು ಅದು?"

ಸುಲೋಚನಾಳ ಮಗಳು ಶ್ರೀರಕ್ಷಾ ನಕ್ಕಳು. ಸುಲೋಚನಾ ಅಷ್ಟರಲ್ಲಿ ಫೋನೆತ್ತಿ ಯಾರದೋ ಆರ್ಡರು ಬರೆದುಕೊಳ್ಳುತ್ತಿದ್ದಳು. ತುಳಸಿ ಕೈ ತೊಳೆದು ಎದ್ದಳು. ಖಣದ ಮಾತು ಆಡಲಿಲ್ಲ.

ಮಷೀನು ಬಂತು. ಅದನ್ನು ನಡೆಸಲು ತೇಜ ಕೋಟೇಶ್ವರಮ್ಮ ಎಂಬವರನ್ನು ಕೆಲಸಕ್ಕೆ ಕರೆತಂದ. ತುಳಸಿಯ ಪಾಲಿಗೆ ಶೇಂಗಾ ಆರಿಸುವುದು ಮತ್ತು ಸಂಜೆ ತಮ್ಮನಿಗೆ ಫೋನ್ ಮಾಡುವುದು ಉಳಿಯಿತು.

ತಮ್ಮ ರಮಾಕಾಂತ, ಸುಲೋಚನಾಳ ಗಂಡ, ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ ಅಧಿಕಾರಿ. ಕಚೇರಿ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ. ಬಾಡಿಗೆ ಮನೆ ಊರಾಚೆ ಇಬ್ರಾಹಿಂಪಟ್ನಂನಲ್ಲಿ. ತಿಂಗಳಿಗೊಮ್ಮೆ ವಿಶಾಖಪಟ್ಟಣಕ್ಕೆ ಬರುತ್ತಿದ್ದ. ಶಾಖೆಗಳಿಗೆ ಮುನ್ಸೂಚನೆ ಕೊಡದೆ ಹೋಗುವುದು, ಸಂಶಯ ಬಂದರೆ ಸಂಬಂಧಪಟ್ಟವರಿಗೆ ತೋರಗೊಡದೆ ಪುರಾವೆ ಕೂಡಿಸುವುದು, ವರದಿ ಮುಗಿದ ಮೇಲಷ್ಟೇ ವಿವರಣೆ ಕೇಳುವುದು ಅವನ ಕೆಲಸದ ಕ್ರಮ. ಕಚೇರಿಯಲ್ಲಿ ಅವನಿಗೆ ಇದರಿಂದ ಒಳ್ಳೆಯ ಹೆಸರಿತ್ತು.

"ಸುಲೋಚನಾ ಫೋನ್ ಎತ್ತವಲ್ಲಳು. ಎಲ್ಲಿ ಹೋಗ್ಯಾಳ?" ಎಂದು ಅವನು ಒಂದು ಸಂಜೆ ಅಕ್ಕನನ್ನು ಕೇಳಿದ.

"ತೇಜನ ಗಾಡ್ಯಾಗ ಅನಕಾಪಲ್ಲಿಗೆ ಹೋಗ್ಯಾಳ. ಬೆಲ್ಲಕ್ಕಂತ."

"ಬೆಲ್ಲ ತರೂದು ಅವನ ಕೆಲಸ ಅಲ್ಲೇನು?"

"ಹೌದು. ನಾ ಯಾಕ ಕೇಳ್ಲಿ ತಮ್ಮಾ."

ಅದೇ ಗಾಡಿಯಲ್ಲಿ ತೇಜನ ತಾಯಿಯೂ ಹೋಗಿದ್ದರು. ರಮಾಕಾಂತ ಆ ಪ್ರಶ್ನೆ ಕೇಳಲಿಲ್ಲ. ತುಳಸಿ ಹೇಳಲಿಲ್ಲ.

ಇನ್ನೊಂದು ಸಂಜೆ ಅವಳೇ, "ಇವತ್ತ ಅಡಗಿ ಮನ್ಯಾಗ ಇಬ್ಬರೂ ನಕ್ಕದ್ದ ನಕ್ಕದ್ದು. ಸುಲೋಚನಾ ಹಂಗ ನಗೂದು ಕೇಳಿ ಬಾಳ ದಿನ ಆಗಿತ್ತು," ಎಂದಳು. ನಕ್ಕದ್ದು ನಿಜ. ಮಷೀನಿನಿಂದ ಮೊದಲ ರೊಟ್ಟಿ ಸುಟ್ಟು ಕಪ್ಪಾಗಿ ಬಂದಿತ್ತು. ಶ್ರೀರಕ್ಷಾ, ಕೋಟೇಶ್ವರಮ್ಮ ಕೂಡ ನಕ್ಕಿದ್ದರು. ತುಳಸಿ ಯಾವತ್ತೂ ಸುಳ್ಳು ಹೇಳಲಿಲ್ಲ. ಯಾವುದನ್ನು ಹೇಳಬೇಕು ಎಂಬುದನ್ನು ಮಾತ್ರ ಆರಿಸಿಕೊಳ್ಳುತ್ತಿದ್ದಳು.

ಗಣೇಶ ಚೌತಿಗೆ ರಮಾಕಾಂತ ಮನೆಗೆ ಬಂದ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ತುಳಸಿ ಬಡಿಸುತ್ತಿದ್ದಳು. ಇಂಟರ್‌ಮೀಡಿಯೆಟ್ ಓದುತ್ತಿದ್ದ ಶ್ರೀರಕ್ಷಾ ಕಾಲೇಜಿನ ನಾಟಕದ ಸುದ್ದಿ ತೆಗೆದಳು. ಹಳೆಯ ಕಾಲದ ವಿದೇಶಿ ದುರಂತ ನಾಟಕ. ಅವಳದು ಪಾತ್ರವಲ್ಲ, ಪರದೆಯ ಹಿಂದೆ ನಿಂತು ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ.

"ದೊಡ್ಡ ಸೈನ್ಯಾಧಿಕಾರಿ ಅಪ್ಪಾ. ಕೈಕೆಳಗಿನವನ ಮಾತು ಕೇಳಿ ಹೆಂಡತೀನ ಕೊಂದು ಬಿಡ್ತಾನೆ. ಪಾಪಂ, ಅವಳು ಏನೂ ಮಾಡಿರಲ್ಲ. ಯಾರದು ತಪ್ಪು ಅಂತ ಲೆಕ್ಚರರ್ ಬರೆಸ್ತಿದಾರೆ."

"ಅಕೀನ ಕೂಡ್ರಿಸಿಕೊಂಡು ಒಂದು ಮಾತು ಕೇಳಿದ್ರ ನಾಟಕಾನ ಮುಗೀತಿತ್ತಲ್ಲ," ಎಂದಳು ಸುಲೋಚನಾ.

ತುಳಸಿ ಹೋಳಿಗೆಗೆ ತುಪ್ಪ ಹಾಕುತ್ತ, "ಕೇಳಿದ್ರ ಅಕಿ ಖರೇನ ಹೇಳ್ತಿದ್ಲು ಅಂತ ಏನ್ ಗ್ಯಾರಂಟಿ?" ಎಂದಳು.

"ಅತ್ತೀ, ಅವಳು ಒಳ್ಳೆಯವಳು. ಕಥೇನೇ ಹಂಗಿದೆ."

"ಕಥ್ಯಾಗ ಇರ್ತಾರವ್ವ."

ರಮಾಕಾಂತ ತೀರ್ಪು ಕೊಟ್ಟ. "ತಪ್ಪು ಗಂಡಂದು. ಬರೇ ಮಾತು ನಂಬಿದ. ಪುರಾವೆ ನೋಡಿ ನಂಬಬೇಕು. ನಮ್ಮ ವಿಭಾಗದಾಗ ಇದ್ದಿದ್ರ ಅವನ್ನ ಒಂದು ವಾರದಾಗ ಹೊರಗ ಹಾಕ್ತಿದ್ರು."

ಎಲ್ಲರೂ ನಕ್ಕರು. ಸುಲೋಚನಾ ಅದೇ ನಗೆಯಲ್ಲಿ ತನ್ನ ಮಾತು ಎತ್ತಿದಳು. "ರೀ, ತೇಜಗ ಹುಡುಗಿ ಗೊತ್ತಾತು. ನಿಮ್ಮ ವಿಜಯವಾಡದಾಕಿನ, ಉಷಶ್ರೀ ಅಂತ. ದಸರೆ ಮುಗಿದ ಮ್ಯಾಲ ನಿಶ್ಚಿತಾರ್ಥ. ಅವನ ಕಡಿಯಿಂದ ಅಕ್ಕ-ಬಾವ ಅಂತ ನಾವಿಬ್ಬರೂ ಕೂಡಬೇಕು. ಬ್ಯಾಡ ಅನಬ್ಯಾಡ್ರಿ."

"ನಾವ್ಯಾಕ?"

"ಅವನಿಗೆ ಅಕ್ಕ ಇಲ್ಲ. ನನ್ನ ಅಕ್ಕಾ ಅಂತಾನ, ನಿಮ್ಮನ್ನ ಬಾವಗಾರು ಅಂತಾನ. ಮತ್ತ್ಯಾರು ಕೂಡಬೇಕು?"

"ನೋಡೂಣು," ಎಂದು ರಮಾಕಾಂತ ಎಲೆ ಮಡಚಿದ.

ಮರುದಿನ ಅವನನ್ನು ಸ್ಟೇಷನ್ನಿಗೆ ಕಳಿಸಲು ಗೇಟಿನವರೆಗೆ ಬಂದ ತುಳಸಿ ಹೇಳಿದಳು, "ನಮ್ಮ ಮ್ಯಾಲಿನ ಮನಿ ಖಾಲಿ ಆಗತೈತಿ. ಮದುವಿ ಆದ ಮ್ಯಾಲ ತೇಜ ಅಲ್ಲೇ ಇರ್ಲಿ ಅಂತ ಸುಲೋಚನಾ ಮಾಲಕರ ಹತ್ರ ಮಾತಾಡ್ಯಾಳ. ನಿನಗ ಹೇಳ್ಯಾಳಿಲ್ಲೊ?"

ಸುಲೋಚನಾ ಮಾತಾಡಿದ್ದು ನಿಜ. ಗಂಡನಿಗೆ ಹೇಳಿರಲಿಲ್ಲ. ಹೇಳುವ ವಿಷಯ ಎಂದು ಅವಳಿಗೆ ಅನಿಸಿರಲಿಲ್ಲ.

ಎರಡು ವಾರದ ನಂತರ ಒಂದು ಬುಧವಾರ ರಮಾಕಾಂತ ರಜೆ ಹಾಕಿ ಬೆಳಗಿನ ರೈಲು ಹತ್ತಿದ. ಮನೆಗೆ ತಿಳಿಸಲಿಲ್ಲ. ಮಧ್ಯಾಹ್ನ ಸೀತಮ್ಮಧಾರದಲ್ಲಿ ಆಟೋ ಇಳಿದು ಮನೆಯ ಎದುರಿನ ಟೀ ಅಂಗಡಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ತೇಜನ ವ್ಯಾನು ಬಂತು. ಮುಂದಿನ ಸೀಟಿನಿಂದ ಸುಲೋಚನಾ ಇಳಿದು, ಬೆಲ್ಲದ ಬುಟ್ಟಿಯ ಒಂದು ಕಡೆ ತಾನು ಹಿಡಿದು, ಇನ್ನೊಂದು ಕಡೆ ತೇಜನಿಗೆ ಕೊಟ್ಟು ಒಳಗೆ ಹೋದಳು. ರಮಾಕಾಂತ ರಸ್ತೆ ದಾಟಿ ವ್ಯಾನಿನ ಹತ್ತಿರ ಬಂದ. ಗಾಜಿನ ಹಿಂದೆ, ದೇವರ ಪಟದ ಕೆಳಗೆ ಕಡುನೀಲಿ ಖಣ ಹಾಸಿತ್ತು. ಕೆಂಪು ಅಂಚು. ಮೂಲೆಯಲ್ಲಿ ಅರಿಸಿನದ ಕಲೆ.

ಅವನು ಮನೆಯೊಳಗೆ ಹೋಗಲಿಲ್ಲ. ಮುಖ್ಯರಸ್ತೆಗೆ ನಡೆದು ಎರಡು ಬಟ್ಟೆ ಅಂಗಡಿಗಳಲ್ಲಿ ಗುಳೇದಗುಡ್ಡದ ಖಣ ಸಿಗುತ್ತದೆಯೇ ಎಂದು ವಿಚಾರಿಸಿದ. ಅಂಥದ್ದು ಇಲ್ಲಿ ಬರುವುದೇ ಇಲ್ಲ ಎಂದರು. ಆಮೇಲೆ ಅಕ್ಕನಿಗೆ ಫೋನ್ ಮಾಡಿ ಟೀ ಅಂಗಡಿಗೆ ಕರೆದ. ತುಳಸಿ ತರಕಾರಿ ಚೀಲ ಹಿಡಿದು ಬಂದಳು.

"ಅವ್ವನ ಖಣ ಅವನ ಗಾಡ್ಯಾಗ ಐತಿ."

ತುಳಸಿ ಚೀಲವನ್ನು ಬೆಂಚಿನ ಮೇಲಿಟ್ಟಳು.

"ನಿನಗ ಗೊತ್ತಿತ್ತೊ ಇಲ್ಲೊ?"

"ಗೊತ್ತಿತ್ತು."

"ಯಾರು ಕೊಟ್ರು?"

ಹೇಳಿಬಿಡಬಹುದಾಗಿತ್ತು. ಎದುರು ಮನೆಯಿಂದ ಮಷೀನಿನ ಸದ್ದು ಕೇಳುತ್ತಿತ್ತು. "ಸುಲೋಚನಾ," ಎಂದಳು ತುಳಸಿ. "ತನ್ನ ಕೈಯಾರ ಕೊಟ್ಲು. ವರಮಹಾಲಕ್ಷ್ಮಿ ದಿನ."

"ನೀ ನೋಡಿದ್ಯಾ?"

"ನೋಡೀನಿ. ಬಾಗಲ ಹಿಂದ ನಿಂತಿದ್ದೆ."

ರಮಾಕಾಂತ ಸಂಜೆಯ ರೈಲಿಗೆ ವಾಪಸಾದ. ಶುಕ್ರವಾರ ಹೆಂಡತಿಗೆ ಫೋನ್ ಮಾಡಿ, ಬೇರೆ ಮಾತುಗಳ ನಡುವೆ ಕೇಳಿದ. "ಅವ್ವ ಉಡಿ ತುಂಬಿದ ಖಣ ಎಲ್ಲೈತಿ?"

"ಕಪಾಟಿನ್ಯಾಗ ಐತ್ರಿ. ಯಾಕ?"

"ನೋಡಿ ಹೇಳು."

"ನೋಡೂದೇನೈತಿ, ಅಲ್ಲೇ ಇರ್ತೈತಿ. ಕೈ ಹಿಟ್ಟಾಗೇತಿ, ಆಮ್ಯಾಲ ಮಾಡ್ತೀನಿ."

ಕಪಾಟು ನೋಡದೆಯೇ ಅವಳು ಆಮೇಲೆ ಫೋನ್ ಮಾಡಿದಾಗ ಅವನು ಎತ್ತಲಿಲ್ಲ. ಅವಳ ಉತ್ತರ ಸುಳ್ಳೆಂದು ಅವನ ಪುರಾವೆ ಹೇಳುತ್ತಿತ್ತು. ಸುಲೋಚನಾ ನಿಜವೆಂದೇ ತಿಳಿದು ಹೇಳಿದ್ದಳು.

ದಸರೆ ಮುಗಿದ ಮೊದಲ ಭಾನುವಾರ, ಬೆಂಜ್ ಸರ್ಕಲ್ ಹತ್ತಿರದ ಸಣ್ಣ ಛತ್ರವೊಂದರಲ್ಲಿ ನಿಶ್ಚಿತಾರ್ಥ. ವಿಶಾಖಪಟ್ಟಣದವರು ಹಿಂದಿನ ದಿನವೇ ಬಂದು ಛತ್ರದಲ್ಲೇ ಉಳಿದಿದ್ದರು. ಸುಲೋಚನಾ ಮಗಳ ಜೊತೆ ಹಣ್ಣಿನ ತಟ್ಟೆ ಜೋಡಿಸುತ್ತಿದ್ದಳು. ತುಳಸಿ ಹಿಂದಿನ ಸಾಲಿನ ಕುರ್ಚಿಯಲ್ಲಿದ್ದಳು. ಹತ್ತೂವರೆಗೆ ರಮಾಕಾಂತ ಬಂದ. ಹೆಂಡತಿಯ ಹತ್ತಿರ ಹೋಗದೆ, ಉಷಶ್ರೀಯ ತಂದೆ ದುರ್ಗಾಪ್ರಸಾದರನ್ನು ಬಾಗಿಲ ಹತ್ತಿರ ಕರೆದ. ಅವರು ಇಬ್ರಾಹಿಂಪಟ್ನಂ ವಿದ್ಯುತ್ ಸ್ಥಾವರದ ನಿವೃತ್ತ ಫೋರ್‌ಮನ್.

"ಮಗಳನ್ನು ಕೊಡುವ ಮೊದಲು ಒಂದು ವಿಚಾರಣೆ ಮಾಡಿ," ಎಂದು ರಮಾಕಾಂತ ತನಗೆ ಬರುವ ತೆಲುಗಿನಲ್ಲಿ ಹೇಳಿದ. "ನನ್ನ ಹೆಂಡತಿಗೆ ನನ್ನ ತಾಯಿ ಮದುವೆಯಲ್ಲಿ ಕೊಟ್ಟ ಬಟ್ಟೆ ಈ ಹುಡುಗನ ಗಾಡಿಯಲ್ಲಿ ದೇವರ ಪಟದ ಕೆಳಗಿದೆ. ಹೇಗೆ ಬಂತು ಎಂದು ಕೇಳಿ."

"ನೀವು ಕೇಳಿದಿರಾ?"

"ಕೇಳುವ ಅಗತ್ಯ ಬರಲಿಲ್ಲ. ಪುರಾವೆ ಇದೆ."

ದುರ್ಗಾಪ್ರಸಾದ್ ಯಂತ್ರಗಳ ಸದ್ದಿನಲ್ಲಿ ಕೆಲಸ ಮಾಡಿದವರು, ದನಿ ದೊಡ್ಡದು. ನೇರವಾಗಿ ಒಳಗೆ ಬಂದು ಎಲ್ಲರೆದುರು ಸೀತಾಮಹಾಲಕ್ಷ್ಮಿಯವರನ್ನು ಕೇಳಿದರು. "ಅಮ್ಮಾ, ನಿಮ್ಮ ಗಾಡಿಯಲ್ಲಿ ದೇವರ ಕೆಳಗೆ ಹಾಸಿದ ಬಟ್ಟೆ ಎಲ್ಲಿಯದು?"

"ವರಲಕ್ಷ್ಮಿ ವ್ರತಕ್ಕೆ ಸುಲೋಚನಾ ನನಗೆ ಕೊಟ್ಟ ತಾಂಬೂಲದ್ದು. ನನ್ನ ಮೈಗೆ ರವಿಕೆ ಆಗುವಷ್ಟಿರಲಿಲ್ಲ. ಬಟ್ಟೆ ಚೆನ್ನಾಗಿತ್ತು, ದೇವರ ಕೆಳಗೆ ಹಾಸಿದೆ. ಯಾಕೆ, ಏನಾಯಿತು?"

"ಇವರು ಬೇರೆ ಹೇಳುತ್ತಿದ್ದಾರೆ," ಎಂದು ದುರ್ಗಾಪ್ರಸಾದ್ ರಮಾಕಾಂತನ ಕಡೆ ಕೈ ತೋರಿಸಿದರು.

ಸುಲೋಚನಾ ತಟ್ಟೆ ಕೆಳಗಿಟ್ಟಳು. ಮೊದಲು ಅವಳಿಗೆ ಅರ್ಥವಾದದ್ದು ಖಣದ ವಿಷಯ ಮಾತ್ರ. "ಉಡಿಯ ಖಣ? ಅದನ್ನ ನಾ ಯಾಕ ತಾಂಬೂಲಕ್ಕ ಇಡ್ಲಿ? ಪೊಟ್ಟಣ ಕಟ್ಟಿದ್ದು ನಾನಲ್ಲ, ಅಕ್ಕಾರು." ಆಮೇಲೆ ಗಂಡನ ಮುಖ ನೋಡಿದಳು. ಉಳಿದದ್ದೂ ಅರ್ಥವಾಯಿತು.

ರಮಾಕಾಂತ ಹಿಂದಿನ ಸಾಲಿಗೆ ಹೋದ. "ಅಕ್ಕಾ, ಅಕಿ ಕೈಯಾರ ಕೊಟ್ಲು ಅಂದಿ."

"ಕೈಯಾರ ಕೊಟ್ಲು. ಸುಳ್ಳಲ್ಲ."

"ಸೀತಾಮಹಾಲಕ್ಷ್ಮಿಯವರಿಗೆ ಅಂತ ಹೇಳಲಿಲ್ಲ."

"ಯಾರಿಗೆ ಅಂತ ನೀ ಕೇಳಲಿಲ್ಲ. ಕಟ್ಟಿದವರು ಯಾರು ಅಂತಾನೂ ಕೇಳಲಿಲ್ಲ." ತುಳಸಿ ಸೆರಗು ಎಳೆದುಕೊಂಡಳು. "ನಾ ಅವತ್ತ ರಾತ್ರೀನ ಹೇಳಬೇಕಂತಿದ್ದೆ. ಆ ಮಷೀನಿನ ಮಾತು ಬಂತು."

ತೇಜ ಎದ್ದು ಬಂದು ರಮಾಕಾಂತನ ಎದುರು ನಿಂತ. ಹೊಡೆಯುತ್ತಾನೆಂದು ಯಾರೋ ತಡೆಯಲು ಬಂದರು. ಅವನು, "ಬಾವಗಾರು ಅಂದೆನಲ್ಲಂಡಿ ನಿಮ್ಮನ್ನ," ಎಂದಷ್ಟೇ ಹೇಳಿ ಹೊರಗೆ ಹೋದ.

ದುರ್ಗಾಪ್ರಸಾದ್ ಒಳಗೆ ಹೋಗಿ ಹೆಂಡತಿ, ಮಗಳ ಜೊತೆ ಮಾತಾಡಿ ಬಂದರು. "ಹುಡುಗನ ತಪ್ಪಿಲ್ಲ. ಆದರೆ ಇವತ್ತು ಬೇಡ. ತಿಳಿಸುತ್ತೇವೆ," ಎಂದರು. ಅಡುಗೆ ಆಗಿಹೋಗಿತ್ತು. ನೆಂಟರು ಊಟ ಮಾಡಿದರು. ಸುಲೋಚನಾ, ಶ್ರೀರಕ್ಷಾ, ತೇಜನ ಮನೆಯವರು ಊಟ ಮಾಡದೆ ರೈಲಿಗೆ ಹೋದರು. ತುಳಸಿ ಅವರ ಹಿಂದೆಯೇ ಬಂದು ಅದೇ ಬೋಗಿ ಹತ್ತಿ, ದೂರದ ಸೀಟಿನಲ್ಲಿ ಕೂತಳು. ಬೇರೆ ಹೋಗಲು ಅವಳಿಗೆ ಮನೆ ಇರಲಿಲ್ಲ.

ಆ ವಾರ ವಿಜಯವಾಡದಿಂದ ಫೋನು ಬಂತು. ಹುಡುಗನ ಮೇಲೆ ಅನುಮಾನವಿಲ್ಲ, ಆದರೆ ನಾಲ್ಕು ಜನರೆದುರು ಮಾತು ಬಂದ ಸಂಬಂಧ ಬೇಡ ಎಂದರು. ಸೀತಾಮಹಾಲಕ್ಷ್ಮಿ ಮಹಡಿ ಹತ್ತಿ ಬಂದು ಬಾಗಿಲಲ್ಲೇ ನಿಂತು ಸುಲೋಚನಾಳಿಗೆ ಹೇಳಿದರು. "ನಿನ್ನ ಮೇಲೆ ನನಗೆ ಕೋಪವಿಲ್ಲ ತಾಯಿ. ಆದರೆ ನನ್ನ ಮಗ ಇನ್ನು ಈ ಮನೆಗೆ ಬರುವುದು ಬೇಡ." ಒಗೆದು ಇಸ್ತ್ರಿ ಮಾಡಿದ ಖಣವನ್ನು ಅವಳ ಕೈಯಲ್ಲಿಟ್ಟರು. ಅರಿಸಿನದ ಕಲೆ ಸ್ವಲ್ಪ ಮಾಸಿತ್ತು.

ಶನಿವಾರ ರಮಾಕಾಂತ ಬಂದ. ಸುಲೋಚನಾ ಮತ್ತು ಶ್ರೀರಕ್ಷಾ ರೊಟ್ಟಿ ಎಣಿಸಿ ಕವರಿಗೆ ತುಂಬುತ್ತಿದ್ದರು. ವ್ಯಾನು ಇಲ್ಲದ್ದರಿಂದ ಹೋಟೆಲಿನ ಆರ್ಡರುಗಳನ್ನು ಬಿಟ್ಟಿದ್ದರು. ಹತ್ತಿರದ ಮನೆಗಳಿಗೆ ಆಟೋದಲ್ಲಿ ಕಳಿಸುತ್ತಿದ್ದರು.

"ತಪ್ಪಾತು," ಎಂದ ರಮಾಕಾಂತ.

"ಶ್ರೀ, ಅಲ್ಲಿ ರಬ್ಬರ್ ಬ್ಯಾಂಡ್ ಕೊಡು."

"ಸುಲೋಚನಾ, ತಪ್ಪಾತು ಅನ್ನಾಕತ್ತೀನಿ. ಅಕ್ಕ ಹೇಳಿದ್ದು ಒಂದೂ ಸುಳ್ಳಿದ್ದಿಲ್ಲ. ಒಂದೊಂದೂ ತಾಳೆ ನೋಡಿದ್ದೆ."

"ಒಂದು ಬುಧವಾರ ನೀವು ಎದುರಿನ ಅಂಗಡಿಗೆ ಬಂದು ಹೋದ್ರಂತ. ಅಕ್ಕಾರು ಹೇಳಿದ್ರು. ಮನಿ ಮುಂದ ಬಂದು, ಒಳಗ ಬರದ ಹೋದ್ರಿ."

ಅವನು ಅಲ್ಲೇ ಚಾಪೆಯ ಮೇಲೆ ಕೂತ.

"ಅವರಿಗೆ ನನ್ನ ಮ್ಯಾಲ ಸಿಟ್ಟಿತ್ತು. ಕೆಲಸ ಕಸಗೊಂಡಿದ್ದೆ," ಎಂದಳು ಸುಲೋಚನಾ. "ನಿಮಗೇನಿತ್ತು?"

ಶ್ರೀರಕ್ಷಾ ತಲೆ ಎತ್ತದೆ, "ಅಪ್ಪಾ, ನೀವು ಕವರ್ ಮೇಲೆ ಕೂತಿದೀರಿ," ಎಂದಳು. ಅವನು ಎದ್ದು ನಿಂತ.

"ನಿಮ್ಮ ಅಕ್ಕಾರ್ನ ಕರಕೊಂಡು ಹೋಗ್ರಿ," ಎಂದಳು ಸುಲೋಚನಾ. "ನೀವು ಮತ್ತ ಯಾವಾಗ ಬರಬೇಕು ಅನ್ನೂದನ್ನ ನಾ ಹೇಳ್ತೀನಿ. ನಾ ಹೇಳೂತನ ಬರಬ್ಯಾಡ್ರಿ. ಹೇಳದನಂತೂ ಬರಬ್ಯಾಡ್ರಿ."

ತುಳಸಿಯದು ಒಂದೇ ಪೆಟ್ಟಿಗೆ. ಹೊರಡುವಾಗ ಅವಳು ಅಡುಗೆ ಮನೆಯ ಬಾಗಿಲಲ್ಲಿ ನಿಂತಳು. "ಇಷ್ಟು ವರ್ಷದಾಗ ಒಂದು ಹಬ್ಬದಾಗ ಹೊರಗ ಬಾ ಅಂತ ಕರೀಲಿಲ್ಲ ನೀ."

"ಹೌದು ಅಕ್ಕಾರ. ಕರೀಲಿಲ್ಲ," ಎಂದಳು ಸುಲೋಚನಾ. ಇರಿ ಎಂದು ಹೇಳಲಿಲ್ಲ.

ಅಕ್ಕ ತಮ್ಮ ಈಗ ಇಬ್ರಾಹಿಂಪಟ್ನಂನ ಬಾಡಿಗೆ ಮನೆಯಲ್ಲಿದ್ದಾರೆ. ತುಳಸಿ ಬೆಳಿಗ್ಗೆ ಕೈಯಲ್ಲೇ ರೊಟ್ಟಿ ಬಡಿಯುತ್ತಾಳೆ. ರಮಾಕಾಂತ ಎರಡು ತಿಂದು ಕಚೇರಿಯ ಬಸ್ಸು ಹಿಡಿಯುತ್ತಾನೆ. ಸಂಜೆ ಅವಳು ಮಾತು ತೆಗೆದರೆ ಅವನು ಟಿವಿಯ ಸದ್ದು ಏರಿಸುತ್ತಾನೆ.

ದೀಪಾವಳಿಯ ಲಕ್ಷ್ಮೀಪೂಜೆಗೆ ಸೀತಮ್ಮಧಾರದ ಮನೆಯಲ್ಲಿ ತಾಂಬೂಲದ ಪೊಟ್ಟಣಗಳನ್ನು ಸುಲೋಚನಾ ತಾನೇ ಕಟ್ಟಿದಳು. ಅಂಗಡಿಯಿಂದ ಬ್ಲೌಸ್ ಪೀಸ್ ಸಾಕಷ್ಟು ತಂದಿದ್ದಳು. ಮೊದಲು ಬಂದವರು ಪಕ್ಕದ ಬೀದಿಯ ಗಂಗಾಭವಾನಿ. ಅವರ ಪೊಟ್ಟಣದಲ್ಲಿ ಸುಲೋಚನಾ ಉಡಿಯ ಖಣ ಇಟ್ಟು ಕೊಟ್ಟಳು.